ನೆಲದ ಆಟ ಮೇಜಿಗೆ ಬರಲಿ: ಹಿರಿಯರು ಮನೆ, ಜಗಲಿ, ಅಂಗಡಿ ಮುಂದೆ ಕೂತು ಆಡಬಹುದಾದ ಆಟಗಳ ಪೂರ್ಣ ಮಾಹಿತಿ

ಮೈಸೂರು: ಅಜ್ಜಿಗೆ ಚೌಕಾಬಾರದ ಒಂದು ನಿಯಮವೂ ಮರೆತಿಲ್ಲ. ಯಾವ ಗರಕ್ಕೆ ಯಾವ ಕಾಯಿ ನಡೆಸಬೇಕು, ಯಾರನ್ನು ಎಲ್ಲಿ ಹೊಡೀಬೇಕು ಅನ್ನೋದು ಈಗಲೂ ಬಾಯಲ್ಲೇ ಇದೆ. ಆದರೂ ಆಡಿ ಹತ್ತು ವರ್ಷ ಆಯ್ತು. ಯಾಕೆ ಅಂತ ಕೇಳಿದರೆ ಬರೋ ಉತ್ತರ ಒಂದೇ: "ಮಂಡಿ ನೋವು ಕಣಪ್ಪ, ಕೆಳಗೆ ಕೂತ್ರೆ ಏಳೋಕಾಗಲ್ಲ."

ನಗರದ ಹಳೇ ಅಗ್ರಹಾರದಿಂದ ಹೊಸ ಬಡಾವಣೆಗಳವರೆಗೆ ಎಷ್ಟೋ ಮನೆಗಳ ಕತೆ ಇದು. ನಮ್ಮ ಹಳೇ ಆಟಗಳೆಲ್ಲ ಹೆಚ್ಚುಕಮ್ಮಿ ನೆಲದ ಆಟಗಳು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಪಟ ಬರೆದು, ಚಕ್ಕಂಬಕ್ಕಳ ಹಾಕಿ ಕೂತು ಆಡಬೇಕು. ಆಟ ಚೆನ್ನಾಗಿ ಗೊತ್ತಿರೋರಿಗೆ ಈಗ ನೆಲಕ್ಕೆ ಕೂರೋಕಾಗಲ್ಲ. ನೆಲಕ್ಕೆ ಕೂರೋ ಮಕ್ಕಳಿಗೆ ಆಟ ಗೊತ್ತಿಲ್ಲ. ಹೀಗಾಗಿ ಹಿರಿಯರು ಟಿ.ವಿ. ಮುಂದೆ ಒಂಟಿ, ಆಟಗಳು ನೆನಪಲ್ಲೇ ಬಾಕಿ.

ಪರಿಹಾರ ದೊಡ್ಡದೇನಲ್ಲ. ಅದೇ ಆಟವನ್ನು ಒಂದು ಮೇಜಿನ ಎತ್ತರಕ್ಕೆ ತಂದರೆ, ಕಾಯಿಗಳನ್ನು ಸ್ವಲ್ಪ ದಪ್ಪ ಮಾಡಿದರೆ, ದಿನದಲ್ಲಿ ಒಂದು ಗೊತ್ತಾದ ಹೊತ್ತು ಇಟ್ಟರೆ ಅರ್ಧ ಕೆಲಸ ಮುಗಿದಂತೆ. ಮನೆಯವರು, ಭಜನಾ ಮಂಡಳಿಗಳು, ಬಡಾವಣೆ ಸಂಘಗಳು ಮತ್ತು ಅಂಗಡಿಯವರು ಹೆಚ್ಚು ಖರ್ಚಿಲ್ಲದೆ ಇದನ್ನು ಹೇಗೆ ಶುರು ಮಾಡಬಹುದು ಎಂಬ ಮಾಹಿತಿ ಇಲ್ಲಿದೆ.

ಆಟ ಮಕ್ಕಳದ್ದು ಅನ್ನೋ ಸಂಕೋಚ ಬೇಡ

"ಈ ವಯಸ್ಸಲ್ಲಿ ಆಟವಾ?" ಅನ್ನೋ ಹಿರಿಯರು ತುಂಬಾ ಜನ. ಅಂಥವರಿಗೆ ಮೈಸೂರಿನ ಇತಿಹಾಸವನ್ನೇ ನೆನಪಿಸಬಹುದು. 1794ರಲ್ಲಿ ಹುಟ್ಟಿ, 1799ರಲ್ಲಿ ಐದನೇ ವಯಸ್ಸಿಗೇ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಸಾಹಿತ್ಯ, ಕಲೆಗಳ ಜೊತೆಗೆ ಆಟಗಳಿಗೂ ಮನಸ್ಸು ಕೊಟ್ಟರು. ಹೊಸ ಹೊಸ ಪಟದ ಆಟಗಳನ್ನು ಕಟ್ಟಿದರು. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸುವ ಲೆಕ್ಕದಲ್ಲಿ ಅವರಿಗೆ ವಿಶೇಷ ಆಸಕ್ತಿ ಇತ್ತು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಗ್ರಂಥದ ಒಂಬತ್ತು ನಿಧಿಗಳ ಪೈಕಿ 'ಕೌತುಕ ನಿಧಿ'ಯಲ್ಲಿ ಆಟಗಳ ವಿವರ ಇದೆ. ಮೈಸೂರಿನ ಗಂಜೀಫಾ ಎಲೆ ಆಟಗಳಿಗೂ ಅವರ ಕಾಲದಲ್ಲೇ ಹೊಸ ರೂಪ ಬಂತು.

ಆ ಪರಂಪರೆ ನಗರದಲ್ಲಿ ಪೂರ್ತಿ ನಿಂತಿಲ್ಲ. ಮೃಗಾಲಯದ ಎದುರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಹೆಸರಿನಲ್ಲಿ ಸಾಂಪ್ರದಾಯಿಕ ಪಟದ ಆಟಗಳ ಪ್ರದರ್ಶನಗಳನ್ನು ನಡೆಸಿಕೊಂಡು ಬಂದಿದೆ. ಹಳೇ ಆಟಗಳನ್ನು ಮರ, ಬಟ್ಟೆಗಳಲ್ಲಿ ಹೊಸದಾಗಿ ಮಾಡಿಸಿದ್ದನ್ನು ಅಲ್ಲಿ ಎಷ್ಟೋ ಜನ ನೋಡಿದ್ದಾರೆ.

ಹೊರದೇಶದಲ್ಲೂ ಇಂಥ ಉದಾಹರಣೆ ಇದೆ. ಜಪಾನಿನಲ್ಲಿ 1947ರಲ್ಲಿ ಮಕ್ಕಳಿಗೆಂದು ಶುರುವಾದ 'ಗೇಟ್‌ಬಾಲ್' ಎಂಬ ಚೆಂಡಿನ ಆಟ ಮುಂದೆ ಅಲ್ಲಿನ ಹಿರಿಯರ ಮೆಚ್ಚಿನ ಆಟವಾಯಿತು. ಓಡಬೇಕಿಲ್ಲ, ಬಲ ಹಾಕಬೇಕಿಲ್ಲ, ಗುರಿ ಮತ್ತು ಲೆಕ್ಕಾಚಾರ ಇದ್ದರೆ ಸಾಕು.

ಆಡಿದರೆ ಆಗೋದೇನು?

ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು ಶೇ 7.4ರಷ್ಟು ಜನರಿಗೆ ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಶಿಯಾ, ಇರಬಹುದೆಂದು ದೇಶವ್ಯಾಪಿ 'ಲಾಸಿ' ಸಮೀಕ್ಷೆ ಆಧರಿಸಿದ ಅಧ್ಯಯನ ಅಂದಾಜು ಮಾಡಿದೆ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಕೊಟ್ಟ ವರದಿ ಈ ಕಾಯಿಲೆಗೆ ಸಂಬಂಧಿಸಿದ, ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಕಿವಿ ಕೇಳಿಸದಿರುವುದು, ಕಣ್ಣಿನ ತೊಂದರೆಗೆ ಚಿಕಿತ್ಸೆ ಪಡೆಯದಿರುವುದು, ದೇಹಕ್ಕೆ ಚಟುವಟಿಕೆ ಇಲ್ಲದಿರುವುದು, ಜನರ ಜೊತೆ ಬೆರೆಯದೆ ಒಂಟಿಯಾಗಿರುವುದು ಆ ಪಟ್ಟಿಯಲ್ಲಿವೆ.

ನ್ಯೂಯಾರ್ಕಿನಲ್ಲಿ 75 ದಾಟಿದ 469 ಹಿರಿಯರನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದುವುದು, ಪಟದ ಆಟ ಆಡುವುದು, ವಾದ್ಯ ನುಡಿಸುವುದು, ನೃತ್ಯ ಮಾಡುವುದು ಇವನ್ನು ಹೆಚ್ಚು ರೂಢಿಯಲ್ಲಿ ಇಟ್ಟುಕೊಂಡವರಲ್ಲಿ ಮರೆಗುಳಿ ಕಾಯಿಲೆ ಕಡಿಮೆ ಕಂಡಿತ್ತು. ಹಾಗಂತ ಚೌಕಾಬಾರ ಆಡಿದರೆ ಮರೆವು ಬರೋದೇ ಇಲ್ಲ ಅಂತ ಯಾರೂ ಭರವಸೆ ಕೊಡೋಕಾಗಲ್ಲ. ಕಾಯಿಲೆ ಶುರುವಾಗುತ್ತಿರುವವರು ತಾವಾಗಿಯೇ ಆಟ ಬಿಟ್ಟಿರಲೂಬಹುದು. ಆಟ ಔಷಧಿಗೆ ಬದಲಿಯಲ್ಲ. ಆದರೆ ದಿನಕ್ಕೆ ಮುಕ್ಕಾಲು ಗಂಟೆ ನಾಲ್ಕು ಜನರ ಜೊತೆ ನಗುತ್ತ, ಲೆಕ್ಕ ಹಾಕುತ್ತ ಕೂರುವುದರಿಂದ ನಷ್ಟವಂತೂ ಇಲ್ಲ.

ಮೊದಲು ಜಾಗ ಸಿದ್ಧ ಮಾಡಿ

* ಮೇಜು: ಊಟದ ಮೇಜಿನ ಎತ್ತರ, ಅಂದರೆ ಸುಮಾರು 28ರಿಂದ 30 ಇಂಚು ಸಾಕು. ಕಾಲು ಒಳಗೆ ಚಾಚುವಷ್ಟು ಜಾಗ ಇರಲಿ. ಗಾಲಿಕುರ್ಚಿಯಲ್ಲಿ ಬರುವವರಿದ್ದರೆ ಅಡ್ಡಪಟ್ಟಿ ಇಲ್ಲದ ಮೇಜು ಆರಿಸಿ.
* ಕುರ್ಚಿ: ಕೈ ಇರುವ, ಅಲುಗಾಡದ ಕುರ್ಚಿ ಬೇಕು. ಏಳುವಾಗ ಕೈ ಊರಲು ಅನುಕೂಲ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ನುಣುಪು ನೆಲದಲ್ಲಿ ಜಾರುತ್ತೆ, ಎಚ್ಚರ.
* ಬೆಳಕು: ಕಿಟಕಿ ಅಥವಾ ಬಾಗಿಲ ಬೆಳಕು ಆಡುವವರ ಹಿಂದಿನಿಂದ ಇಲ್ಲವೇ ಪಕ್ಕದಿಂದ ಬರಲಿ. ಕಣ್ಣಿನ ಪೊರೆ ಇರುವವರಿಗೆ ಎದುರು ಬೆಳಕು ಕಣ್ಣು ಕೋರೈಸುತ್ತೆ. ಮಿರುಗುವ ಪ್ಲಾಸ್ಟಿಕ್ ಹಾಳೆ ಹಾಸಬೇಡಿ.
* ನೆಲ: ಮಡಚಿಕೊಳ್ಳುವ ಕಾಲೊರಸು, ಅಡ್ಡ ಹೋದ ವೈರು, ಒದ್ದೆ ನೆಲ ಇವು ಬೀಳಿಸುವ ವಸ್ತುಗಳು. ಆಟಕ್ಕೆ ಮೊದಲೇ ತೆಗೆಯಿರಿ.
* ಶೌಚಾಲಯ, ನೀರು: ಹತ್ತಿರದಲ್ಲೇ ಇರಬೇಕು. ಇದು ಇಲ್ಲ ಅಂತಲೇ ಎಷ್ಟೋ ಹಿರಿಯ ಹೆಂಗಸರು ಮನೆ ಬಿಟ್ಟು ಬರಲ್ಲ. ಬಾಯಿಬಿಟ್ಟು ಕೇಳೋದೂ ಇಲ್ಲ, ಹಾಗಾಗಿ ಬಂದ ಕೂಡಲೇ ನೀವೇ ತೋರಿಸಿಬಿಡಿ.
* ಸದ್ದು: ಟಿ.ವಿ. ಆರಿಸಿ. ಒಂದು ಮೇಜಿಗೆ ನಾಲ್ಕೇ ಜನ ಸಾಕು. ಕಿವಿ ಮಂದವಾದವರ ಎದುರಿಗೆ ಕೂತು, ಮುಖ ನೋಡಿ, ನಿಧಾನವಾಗಿ ಮಾತಾಡಿ. ಕಿರುಚಬೇಕಿಲ್ಲ.

ಕಿವಿಯ ವಿಚಾರದಲ್ಲಿ ಮೈಸೂರಿನವರಿಗೆ ಒಂದು ಅನುಕೂಲ ಇದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಶ್ರವಣ ಸಾಧನದ ಸಲಹೆ ಎರಡೂ ಸಿಗುತ್ತವೆ. "ಅವರಿಗೆ ಆಸಕ್ತಿ ಇಲ್ಲ" ಅಂತ ಮನೆಯವರು ಅಂದುಕೊಂಡಿರುವ ಎಷ್ಟೋ ಕಡೆ ನಿಜವಾದ ವಿಷಯ ಬೇರೆ ಇರುತ್ತೆ: ಗರ ಎಷ್ಟು ಬಿತ್ತು ಅಂತ ಕೂಗಿದ್ದೇ ಅವರಿಗೆ ಕೇಳಿಸಿರಲ್ಲ.

1. ಚೌಕಾಬಾರ: ಇಬ್ಬರಿಂದ ನಾಲ್ವರಿಗೆ

ಶಿವರಾತ್ರಿ ಜಾಗರಣೆಯಲ್ಲಿ ಇಡೀ ರಾತ್ರಿ ಎಬ್ಬಿಸಿ ಕೂರಿಸುತ್ತಿದ್ದ ಆಟ ಇದು. ಐದಕ್ಕೆ ಐದರಂತೆ 25 ಮನೆಗಳ ಪಟ. ನಾಲ್ಕೂ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಕತ್ತರಿ ಗುರುತು. ಬದಿಯ ಗುರುತು ಮನೆಗಳು ಒಬ್ಬೊಬ್ಬರ ಕಟ್ಟೆ, ಮಧ್ಯದ್ದು ಹಣ್ಣಿನ ಮನೆ. ಒಬ್ಬರಿಗೆ ನಾಲ್ಕು ಕಾಯಿ. ಗರ ಹಾಕಲು ನಾಲ್ಕು ಕವಡೆ.

ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ಈ ಎರಡಕ್ಕೂ ಇನ್ನೊಂದು ಸಲ ಗರ ಹಾಕಬಹುದು. ಕಾಯಿಗಳು ಹೊರಸುತ್ತಿನ 16 ಮನೆಗಳಲ್ಲಿ ಎಡಸುತ್ತಾಗಿ ನಡೆದು, ಒಳಸುತ್ತಿನ 8 ಮನೆಗಳಲ್ಲಿ ಬಲಸುತ್ತಾಗಿ ತಿರುಗಿ, ಮಧ್ಯಕ್ಕೆ ಹೋಗಿ ಹಣ್ಣಾಗುತ್ತವೆ. ಎದುರಾಳಿ ಇರುವ ಮನೆಗೆ ಸರಿಯಾಗಿ ಹೋಗಿ ಬಿದ್ದರೆ ಹೊಡೆದ ಹಾಗೆ, ಆ ಕಾಯಿ ವಾಪಸ್ ತನ್ನ ಕಟ್ಟೆಗೆ. ಕಟ್ಟೆಯಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನೋದು ಹಲವು ಮನೆಗಳ ನಿಯಮ.

ಹಿರಿಯರಿಗೆ ಮಾಡಬೇಕಾದ ಬದಲಾವಣೆ:

* ಒಂದೊಂದು ಮನೆ ಮೂರು ಇಂಚು ಇರುವಂತೆ 15 ಇಂಚಿನ ಚೌಕ ರಟ್ಟಿನ ಮೇಲೆ ದಪ್ಪ ಕಪ್ಪು ಗೆರೆ ಎಳೆಯಿರಿ. ಬಿಳಿ ರಟ್ಟಿಗೆ ಕಪ್ಪು ಗೆರೆಯಾದರೆ ದೃಷ್ಟಿ ಮಂದವಾದವರಿಗೂ ಕಾಣುತ್ತೆ.
* ಕವಡೆ ಕೈಯಲ್ಲಿ ಕುಲುಕಲು ಆಗದವರಿಗೆ ಸ್ಟೀಲ್ ಲೋಟ ಕೊಡಿ. ಲೋಟದಲ್ಲಿ ಕುಲುಕಿ ಅಂಚಿರುವ ತಟ್ಟೆಗೆ ಸುರಿದರೆ ಕವಡೆ ಕೆಳಗೆ ಬೀಳಲ್ಲ, ಬಗ್ಗಿ ಹುಡುಕುವ ಕಷ್ಟ ಇಲ್ಲ.
* ಹಿಂದೆ ಬಳೆಚೂರು ಕಾಯಿಯಾಗುತ್ತಿತ್ತು. ಈಗ ಬೇಡ. ಸಕ್ಕರೆ ಕಾಯಿಲೆ ಇರುವವರ ಕಾಲಿಗೆ ಚುಚ್ಚಿದರೆ ಗಾಯ ಬೇಗ ಮಾಯಲ್ಲ. ಬಾಟಲಿ ಮುಚ್ಚಳ, ದೊಡ್ಡ ಗುಂಡಿ, ಅಡಿಕೆ, ಕೇರಂ ಕಾಯಿ ಹೀಗೆ ಬೇರೆ ಬೇರೆ ಆಕಾರದ್ದು ಇಟ್ಟರೆ ಬಣ್ಣ ಗುರುತಿಸಲಾಗದವರೂ ಮುಟ್ಟಿ ತಿಳಿದುಕೊಳ್ಳಬಹುದು.
* ಬೇಗ ಸುಸ್ತಾಗುವವರಿದ್ದರೆ ಒಬ್ಬರಿಗೆ ಎರಡೇ ಕಾಯಿ ಇಟ್ಟು ಆಡಿ. ಆಟ ಬೇಗ ಮುಗಿಯುತ್ತೆ.

2. ಅಳಗುಳಿಮಣೆ: ಇಬ್ಬರಿಗೆ

ಏಳೇಳು ಗುಳಿಗಳ ಎರಡು ಸಾಲು, ಒಟ್ಟು 14 ಗುಳಿ. ಒಂದೊಂದಕ್ಕೆ ನಾಲ್ಕರಂತೆ 56 ಅಥವಾ ಐದರಂತೆ 70 ಕಾಳು. ತನ್ನ ಸಾಲಿನ ಒಂದು ಗುಳಿಯ ಕಾಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈಯಲ್ಲಿದ್ದದ್ದು ಮುಗಿದಾಗ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸಬೇಕು. ಮುಂದಿನ ಗುಳಿ ಖಾಲಿ ಇದ್ದರೆ ಅದನ್ನು ಸವರಿ, ಅದರಾಚೆಯ ಗುಳಿಯ ಕಾಳು ಗೆದ್ದುಕೊಳ್ಳಬೇಕು. ಸಾಲಾಗಿ ಎರಡು ಗುಳಿ ಖಾಲಿ ಸಿಕ್ಕರೆ ಆಟ ಎದುರಿನವರಿಗೆ. ಕೆಲವು ಮನೆಗಳಲ್ಲಿ ಗುಳಿಗೆ ನಾಲ್ಕು ಕಾಳು ಸೇರಿದ ಕೂಡಲೇ ಆ ಗುಳಿಯ ಒಡೆಯರು ಎತ್ತಿಕೊಳ್ಳುವ ನಿಯಮವೂ ಇದೆ. ಕರಾವಳಿಯವರು ಇದನ್ನೇ ಚೆನ್ನೆಮಣೆ ಅನ್ನುತ್ತಾರೆ.

ಬೆರಳಿನ ಕೀಲು ಬಿಗಿದವರಿಗೆ, ದೃಷ್ಟಿ ಕಡಿಮೆ ಇರುವವರಿಗೆ ಇದು ಒಳ್ಳೆಯ ಆಟ. ಗುಳಿಯೊಳಗೆ ಬೆರಳಿಟ್ಟು ಕಾಳು ಎಣಿಸಬಹುದು. ಮಣೆ ಇಲ್ಲದಿದ್ದರೆ 14 ಇಡ್ಲಿ ಬಟ್ಟಲು ಅಥವಾ ಎಣ್ಣೆ ಬಟ್ಟಲುಗಳನ್ನು ಮೇಜಿನ ಮೇಲೆ ಎರಡು ಸಾಲು ಜೋಡಿಸಿದರೂ ಆಯ್ತು.

ಒಂದು ಎಚ್ಚರಿಕೆ: ಹಳೇ ಮನೆಗಳಲ್ಲಿ ಕಾಳಿಗೆ ಕೆಂಪು-ಕಪ್ಪು ಗುಲಗಂಜಿ ಬಳಸುತ್ತಿದ್ದರು. ಗುಲಗಂಜಿ ವಿಷದ ಬೀಜ. ಮರೆವಿನ ಕಾಯಿಲೆ ಇರುವವರು, ಪುಟ್ಟ ಮೊಮ್ಮಕ್ಕಳು ಇರುವ ಕಡೆ ಅದು ಬೇಡವೇ ಬೇಡ. ಹುಣಸೆ ಬೀಜ ಸಾಕು. ಕೈ ನಡುಗುವವರಿಗೆ ಅದಕ್ಕಿಂತ ದಪ್ಪನೆಯ ಕಾಬೂಲ್ ಕಡಲೆ ಹಿಡಿಯಲು ಸುಲಭ.

3. ಹುಲಿ-ಕುರಿ ಮತ್ತು ಸಾಲುಮನೆ: ತಲೆಗೆ ಕೆಲಸ

ಹುಲಿ-ಕುರಿ ಆಟಕ್ಕೆ ಮೂರು ಹುಲಿ, 15 ಕುರಿ, ತ್ರಿಕೋನದ ಪಟದಲ್ಲಿ 23 ಗೆರೆ ಕೂಡುವ ಜಾಗಗಳು. ಒಬ್ಬರು ಹುಲಿ, ಇನ್ನೊಬ್ಬರು ಕುರಿ. ಕುರಿಗಳನ್ನು ಒಂದೊಂದಾಗಿ ಇಡುತ್ತ ಬರಬೇಕು. ಪಕ್ಕದ ಕುರಿಯ ಆಚೆ ಜಾಗ ಖಾಲಿ ಇದ್ದರೆ ಹುಲಿ ಹಾರಿ ಕುರಿಯನ್ನು ತಿನ್ನುತ್ತೆ. ಹುಲಿಗಳಿಗೆ ಅಲುಗಾಡಲು ಜಾಗವೇ ಇಲ್ಲದಂತೆ ಕಟ್ಟಿಹಾಕಿದರೆ ಕುರಿಯವರು ಗೆದ್ದಂತೆ. ಗರದ ಹಂಗಿಲ್ಲ, ಎಲ್ಲ ಲೆಕ್ಕಾಚಾರ.

ಸಾಲುಮನೆ ಅಥವಾ ನವಕಂಕರಿಯಲ್ಲಿ ಒಂದರೊಳಗೊಂದು ಮೂರು ಚೌಕ, 24 ಜಾಗ, ಒಬ್ಬರಿಗೆ ಒಂಬತ್ತು ಕಾಯಿ. ಮೂರು ಕಾಯಿ ಸಾಲಾಗಿ ಕೂತರೆ ಎದುರಾಳಿಯ ಒಂದು ಕಾಯಿ ತೆಗೆಯಬಹುದು. ಎದುರಾಳಿಯ ಬಳಿ ಎರಡೇ ಕಾಯಿ ಉಳಿದರೆ ಆಟ ಮುಗಿಯಿತು. ಹಂಪಿಯ ಕಲ್ಲುಹಾಸುಗಳ ಮೇಲೂ ಇಂಥ ಆಟದ ಪಟಗಳನ್ನು ಕೆತ್ತಿರುವುದು ಕಾಣುತ್ತೆ. ಅಂಗಡಿ ಜಗಲಿಗೆ ಇವೆರಡೂ ಹೇಳಿ ಮಾಡಿಸಿದ ಆಟಗಳು. ಗಿರಾಕಿ ಬಂದರೆ ಹಾಗೇ ಬಿಟ್ಟು ಹೋಗಿ, ಆಮೇಲೆ ಬಂದು ಮುಂದುವರಿಸಬಹುದು.

4. ಕೇರಂ ಮತ್ತು ಎಲೆ ಆಟ

ಕೇರಂ ಬೋರ್ಡನ್ನು ಸ್ಟ್ಯಾಂಡ್ ಮೇಲೆ ಇಟ್ಟರೆ ಕುರ್ಚಿಯಲ್ಲಿ ಕೂತೇ ಆಡಬಹುದು. ಭುಜ ಬಿಗಿದವರು ತಮ್ಮ ಕೈಗೆ ಎಟುಕುವ ಜಾಗದಿಂದಲೇ ಸ್ಟ್ರೈಕರ್ ಹೊಡೆಯಲಿ, ಗೆರೆಯ ನಿಯಮ ಬಿಗಿ ಮಾಡಬೇಡಿ. ಪೌಡರ್ ಮಾತ್ರ ಜೋಪಾನ. ಅದು ನೆಲಕ್ಕೆ ಉದುರಿದರೆ ಜಾರಿ ಬೀಳುವ ಅಪಾಯ ಇದೆ. ಆಟ ಮುಗಿದ ಕೂಡಲೇ ನೆಲ ಒರೆಸಿ.

ಇಸ್ಪೀಟ್ ಎಲೆ ಹಿಡಿಯಲು ಕೈ ನಡುಗುವವರಿಗೆ ಚಪ್ಪಲಿ ಡಬ್ಬದ ಮುಚ್ಚಳ ತಿರುಗಿಸಿಟ್ಟು, ಅದರೊಳಗೆ ಎಲೆಗಳನ್ನು ಒರಗಿಸಿ ನಿಲ್ಲಿಸಬಹುದು. ಬಡಗಿ ಹತ್ತಿರ ಒಂದು ಮರದ ಪಟ್ಟಿಗೆ ಗೀರು ತೆಗೆಸಿಕೊಂಡರೆ ಇನ್ನೂ ಗಟ್ಟಿ. ದೊಡ್ಡ ಅಕ್ಷರದ ಎಲೆಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ.

5. ಗುಂಪಿನ ಆಟಗಳು: ಎಂಟರಿಂದ ಇಪ್ಪತ್ತು ಜನ ಸೇರಿದಾಗ

* ತಂಬೋಲ (ಹೌಸಿ): 1ರಿಂದ 90ರವರೆಗಿನ ಅಂಕಿ, ಒಂದು ಚೀಟಿಯಲ್ಲಿ 15. ಸಣ್ಣ ಚೀಟಿ ಬೇಡ, ಒಂದು ದೊಡ್ಡ ಹಾಳೆಗೆ ಒಂದೇ ಚೀಟಿ ಮುದ್ರಿಸಿ. ಪೆನ್ನಿನ ಬದಲು ಹುಣಸೆ ಬೀಜ ಇಟ್ಟು ಅಂಕಿ ಮುಚ್ಚಲಿ. ಅಂಕಿಯನ್ನು ಎರಡು ಸಲ ಕೂಗಿ, ಸ್ಲೇಟಿನ ಮೇಲೂ ಬರೆದು ತೋರಿಸಿ.
* ಬಲೂನ್ ದಾಟಿಸುವುದು: ಕುರ್ಚಿಗಳನ್ನು ದುಂಡಗೆ ಹಾಕಿ, ಬಲೂನ್ ನೆಲಕ್ಕೆ ಬೀಳದಂತೆ ಕೈಯಿಂದ ಕೈಗೆ ತಟ್ಟುತ್ತ ಹೋಗುವುದು. ಬಲೂನ್ ನಿಧಾನವಾಗಿ ಬರುವುದರಿಂದ ಗಾಬರಿಯಿಲ್ಲ. ಭುಜ, ಕತ್ತು, ಬೆನ್ನಿಗೆ ಹಗುರವಾದ ವ್ಯಾಯಾಮ. ಕೆಳಗೆ ಬಿದ್ದದ್ದನ್ನು ಎತ್ತಿಕೊಡಲು ಒಬ್ಬ ಯುವಕರು ಇರಲಿ.
* ಕುಂತಲ್ಲೇ ಕೋಲಾಟ: ಎದುರು ಬದುರು ಕುರ್ಚಿ. ಹಗುರವಾದ ಕೋಲು. ಗೊತ್ತಿರುವ ಹಾಡಿಗೆ ಮೊದಲು ತನ್ನ ಎರಡು ಕೋಲು, ಆಮೇಲೆ ಎದುರಿನವರ ಕೋಲು. ಪಾರ್ಶ್ವವಾಯು ಆಗಿ ಒಂದು ಕೈ ಬಲ ಕಡಿಮೆ ಇರುವವರು ಒಂದೇ ಕೋಲಿನಲ್ಲಿ ಸೇರಿಕೊಳ್ಳಬಹುದು.
* ಒಗಟು, ಗಾದೆ, ಅಂತ್ಯಾಕ್ಷರಿ: ಒಬ್ಬರು ಗಾದೆಯ ಅರ್ಧ ಹೇಳಿದರೆ ಇನ್ನೊಬ್ಬರು ಪೂರ್ತಿ ಮಾಡುವುದು. ನಡೆದಾಡಲು ಆಗದವರು, ಕಣ್ಣು ಕಾಣದವರು ಎಲ್ಲರೂ ಆಡಬಹುದಾದ ಆಟ ಇದು.
* ನೆನಪಿನ ಬುಟ್ಟಿ: ಒಂದು ಹಳೇ ವಸ್ತು ಅಥವಾ ಫೋಟೋ ತೋರಿಸಿ ಮಾತು ಶುರು ಮಾಡುವುದು. ಯಾದವಗಿರಿಯ ಜಾವಾ ಬೈಕ್ ಕಾರ್ಖಾನೆ, 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದ ಆಕಾಶವಾಣಿ, ಟಾಂಗಾ ಸವಾರಿ, ದಸರಾ ವಸ್ತುಪ್ರದರ್ಶನ, ಮನೆಯ ಬೊಂಬೆ ಹಬ್ಬ... ಮೈಸೂರಿನವರಿಗೆ ವಿಷಯಕ್ಕೆ ಬರವಿಲ್ಲ. ಹೊಸದು ಮರೆತುಹೋಗುವವರಿಗೂ ಹಳೆಯದು ಚೆನ್ನಾಗಿ ನೆನಪಿರುತ್ತೆ.
* ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು: ಆಟಕ್ಕೆ ಬರಲು ನಾಚಿಕೊಳ್ಳುವವರು ಕೆಲಸಕ್ಕೆ ಅಂದರೆ ಬರುತ್ತಾರೆ. ನಾಲ್ಕು ಮಂದಿ ಸುತ್ತ ಕೂತು ಹೂ ಕಟ್ಟಿದರೆ ಅದೂ ಗುಂಪು ಚಟುವಟಿಕೆಯೇ.

ಕೂತು ಆಡುವ ಆಟದಿಂದ ನಡಿಗೆಯ ಲೆಕ್ಕ ಮುಗಿಯಲ್ಲ. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಮತ್ತು ವಾರದಲ್ಲಿ ಮೂರು ದಿನವಾದರೂ ಸಮತೋಲನ, ಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆಗದವರು ಆದಷ್ಟು ಮಾಡಲಿ ಎಂದೂ ಅದೇ ಹೇಳುತ್ತೆ. ಕುಕ್ಕರಹಳ್ಳಿ ಕೆರೆ, ಚೆಲುವಾಂಬ ಉದ್ಯಾನದಲ್ಲಿ ಬೆಳಗಿನ ನಡಿಗೆ ಇರುವವರು ಅದನ್ನು ಬಿಡಬಾರದು. ಆಟದ ನಡುವೆಯೂ ಅರ್ಧ ಗಂಟೆಗೊಮ್ಮೆ ಎಲ್ಲರೂ ಕುರ್ಚಿ ಹಿಡಿದು ಎದ್ದು ನಿಲ್ಲಲಿ.

ಮರೆವು ಇರುವವರ ಜೊತೆ ಆಡುವಾಗ

ನಿಯಮ ಕಡಿಮೆ ಮಾಡಿ. "ಆಗಲೇ ಹೇಳಿದ್ನಲ್ಲ", "ಅಷ್ಟೂ ಗೊತ್ತಾಗಲ್ವಾ" ಅನ್ನುವ ಮಾತು ಬೇಡ. ತಪ್ಪು ಮನೆಗೆ ಕಾಯಿ ನಡೆಸಿದರೆ ನಡೆಸಲಿ. ಜೋಡಿಯಾಗಿ ಆಡಿಸಿದರೆ ಒಬ್ಬರು ಗರ ಹಾಕುತ್ತಾರೆ, ಇನ್ನೊಬ್ಬರು ಕಾಯಿ ನಡೆಸುತ್ತಾರೆ, ಯಾರಿಗೂ ಅವಮಾನ ಇಲ್ಲ. ಸೋಲು ಗೆಲುವಿಗಿಂತ ಅವರು ನಾಳೆಯೂ ಬರುವುದು ಮುಖ್ಯ. ದಿನಾ ಬರುತ್ತಿದ್ದವರು ಇದ್ದಕ್ಕಿದ್ದಂತೆ ಲೆಕ್ಕ ತಪ್ಪತೊಡಗಿದರೆ, ಮಾತು ತೊದಲಿದರೆ, ಒಂದು ಕೈ ಎತ್ತಲಾಗದಿದ್ದರೆ ವಯಸ್ಸಾಯ್ತು ಅಂತ ಸುಮ್ಮನಿರಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತುರ್ತಿಗೆ 108.

ಅಂಗಡಿಯವರು ಏನು ಮಾಡಬಹುದು?

ಮಧ್ಯಾಹ್ನ ಮೂರರಿಂದ ಐದು, ಹೆಚ್ಚಿನ ಅಂಗಡಿಗಳಲ್ಲಿ ವ್ಯಾಪಾರ ಮಂದ ಇರುವ ಹೊತ್ತು. ಹಿರಿಯರಿಗೂ ಊಟ, ಸಣ್ಣ ನಿದ್ದೆ ಮುಗಿದು ಬೇಜಾರಾಗುವ ಹೊತ್ತು ಅದೇ. ಸಂಜೆ ದೀಪ ಹಚ್ಚುವ ಮೊದಲು ಮನೆ ಸೇರಬಹುದು ಅನ್ನುವ ಕಾರಣಕ್ಕೆ ಹೆಂಗಸರಿಗೂ ಅನುಕೂಲ. ಗಂಡಸರಿಗೆ ಪಾರ್ಕ್ ಕಟ್ಟೆ, ಹೋಟೆಲ್ ಮುಂದಿನ ಹರಟೆ ಇದ್ದೇ ಇದೆ. ಹಿರಿಯ ಹೆಂಗಸರಿಗೆ ಹಾಗೆ ಕೂರುವ ಜಾಗ ಕಡಿಮೆ. ಹಾಗಾಗಿ ದೇವಸ್ಥಾನದ ಪ್ರಾಂಗಣ, ಭಜನಾ ಮಂಡಳಿ, ಯಾರದಾದರೂ ಮನೆಯ ವರಾಂಡ ಅವರಿಗೆ ಹೆಚ್ಚು ಹೊಂದುತ್ತೆ.

ಅಂಗಡಿ ಮುಂದೆ ಜಾಗ ಇದ್ದರೆ ಒಂದು ಮೇಜು, ನಾಲ್ಕು ಕುರ್ಚಿ, ಒಂದು ಕುಡಿಯುವ ನೀರಿನ ಕ್ಯಾನ್ ಸಾಕು. ಪಾದಚಾರಿ ಮಾರ್ಗಕ್ಕೆ ಅಡ್ಡ ಇಡಬೇಡಿ, ಅದೇ ದಾರಿಯಲ್ಲಿ ಕೋಲೂರಿಕೊಂಡು ಬರುವ ಇನ್ನೊಬ್ಬ ಹಿರಿಯರಿಗೆ ತೊಂದರೆ. ಕವಡೆ, ಹುಣಸೆ ಬೀಜದಂಥವು ಗ್ರಂದಿಗೆ ಅಂಗಡಿಗಳಲ್ಲಿ ಸಿಗುತ್ತವೆ. ಪಟದ ರಟ್ಟು, ಮಾರ್ಕರ್ ಪೆನ್ ಸ್ಟೇಷನರಿ ಅಂಗಡಿಯಲ್ಲಿ. ಸ್ಟೇಷನರಿ, ಆಟದ ಸಾಮಾನಿನ ಅಂಗಡಿಯವರು ದೊಡ್ಡ ಅಳತೆಯ ಪಟ, ದಪ್ಪ ಕಾಯಿ, ಲೋಟ, ತಟ್ಟೆ ಸೇರಿಸಿ 'ಹಿರಿಯರ ಆಟದ ಪೊಟ್ಟಣ' ಅಂತ ಕಟ್ಟಿಟ್ಟರೆ ಗಿರಾಕಿಗೂ ಅನುಕೂಲ, ಅಂಗಡಿಗೂ ವ್ಯಾಪಾರ.

ಒಂದು ವಿಷಯದಲ್ಲಿ ರಾಜಿ ಬೇಡ: ದುಡ್ಡು ಇಟ್ಟು ಆಡುವಂತಿಲ್ಲ. ಐದು ರೂಪಾಯಿ, ಹತ್ತು ರೂಪಾಯಿ ಅಂತ ಶುರುವಾದದ್ದು ಜಗಳಕ್ಕೂ, ಕರ್ನಾಟಕ ಪೊಲೀಸ್ ಕಾಯ್ದೆ 1963ರಡಿ ಜೂಜಿನ ಪ್ರಕರಣಕ್ಕೂ ದಾರಿ. ತೊಂದರೆ ಆಗೋದು ಆಡಿದವರಿಗೆ ಮಾತ್ರವಲ್ಲ, ಜಾಗ ಕೊಟ್ಟವರಿಗೂ. ಗೆದ್ದವರಿಗೆ ಒಂದು ಬಾಳೆಹಣ್ಣು ಅಥವಾ ಒಂದು ಮೊಳ ಹೂ ಸಾಕು. ಸಕ್ಕರೆ ಕಾಯಿಲೆ ಇರುವವರೇ ಹೆಚ್ಚಿರುವುದರಿಂದ ಸಿಹಿ ತಿಂಡಿ ಬಹುಮಾನ ಬೇಡ. ಹಾಗೇ, ಆಟದ ಭರದಲ್ಲಿ ಯಾರೂ ತಿಂಡಿ, ಮಾತ್ರೆ ಬಿಡದಂತೆ ನೋಡಿಕೊಳ್ಳಿ.

ಶುರು ಮಾಡುವುದು ಹೇಗೆ?

1. ಮೊದಲ ವಾರ ಒಂದು ಮೇಜು, ಒಂದೇ ಆಟ. ನಾಲ್ಕು ಜನ ಸಾಕು.
2. ವಾರದಲ್ಲಿ ಎರಡು ದಿನ, ಅದೇ ಹೊತ್ತು, ಅದೇ ಜಾಗ. ಹೊತ್ತು ಬದಲಾಯಿಸಿದರೆ ಹಿರಿಯರು ಬರುವುದು ನಿಲ್ಲಿಸುತ್ತಾರೆ.
3. ಒಂದು ಸಲಕ್ಕೆ 45 ನಿಮಿಷದಿಂದ ಒಂದು ಗಂಟೆ. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ.
4. ಪ್ರತಿಯೊಬ್ಬರ ಮನೆಯವರ ಫೋನ್ ನಂಬರ್ ಒಂದು ಪುಸ್ತಕದಲ್ಲಿ ಬರೆದಿಡಿ.
5. ಸತತ ಎರಡು ದಿನ ಬಾರದವರ ಮನೆಗೆ ಒಂದು ಫೋನ್ ಮಾಡಿ ಅಥವಾ ಒಬ್ಬರು ಹೋಗಿ ಬನ್ನಿ. ಒಂಟಿಯಾಗಿ ಇರುವವರಿಗೆ ಇದೇ ದೊಡ್ಡ ಆಸರೆ.

ಅಕ್ಟೋಬರ್ 1 ವಿಶ್ವ ಹಿರಿಯರ ದಿನ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಆ ದಿನದ ಅಂಗವಾಗಿ ಜಿಲ್ಲಾ ಮಟ್ಟದಲ್ಲಿ ಹಿರಿಯರಿಗೆ ಕ್ರೀಡೆ, ಸಾಂಸ್ಕೃತಿಕ ಸ್ಪರ್ಧೆ ನಡೆಸುವುದುಂಟು. ಮೈಸೂರು, ನಂಜನಗೂಡು, ತಿ. ನರಸೀಪುರ, ಹುಣಸೂರು ಯಾವ ತಾಲ್ಲೂಕಿನವರಾದರೂ ಸೆಪ್ಟೆಂಬರಿನಲ್ಲೇ ಇಲಾಖೆ ಕಚೇರಿಯಲ್ಲಿ ವಿಚಾರಿಸಿದರೆ ಒಳ್ಳೆಯದು. ಆಟಕ್ಕೆ ಬರುವ ಹಿರಿಯರಲ್ಲಿ ಯಾರಿಗಾದರೂ ಮನೆಯಲ್ಲಿ ಹಿಂಸೆ, ಊಟ-ಔಷಧಿ ಇಲ್ಲದ ಸ್ಥಿತಿ ಇರುವುದು ಗೊತ್ತಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಕರೆ ಉಚಿತ.

ನಿಯಮ ಬರೆದಿಡಿ

ಚೌಕಾಬಾರ, ಅಳಗುಳಿಮಣೆ ಆಟಗಳ ನಿಯಮ ಮನೆಯಿಂದ ಮನೆಗೆ ಬೇರೆ. ಒಂದು ಬೀದಿಯಲ್ಲಿ ಜೋಡಿ ಕಾಯಿ 'ಗಟ್ಟಿ'ಯಾದರೆ ಹೊಡೆಯುವಂತಿಲ್ಲ, ಮುಂದಿನ ಬೀದಿಯಲ್ಲಿ ಆ ನಿಯಮವೇ ಇಲ್ಲ. ಇವು ಯಾವ ಪುಸ್ತಕದಲ್ಲೂ ಪೂರ್ತಿ ಸಿಗಲ್ಲ. ನಿಮ್ಮ ಮನೆಯ ನಿಯಮ ನಿಮ್ಮ ಮನೆಯ ಹಿರಿಯರ ತಲೆಯಲ್ಲಿ ಮಾತ್ರ ಇದೆ. ಅವರನ್ನು ಕೇಳಿ, ಮೊಮ್ಮಕ್ಕಳಿಂದ ಒಂದು ನೋಟ್‌ಬುಕ್‌ನಲ್ಲಿ ಬರೆಸಿ. ಅವರು ಒಪ್ಪಿದರೆ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. "ಅಜ್ಜಿ, ಆಟ ಹೇಳ್ಕೊಡಿ" ಅಂತ ಮೊಮ್ಮಗು ಕೇಳಿದರೆ, ಆಟಕ್ಕೆ ಒಲ್ಲೆ ಅಂದಿದ್ದ ಅಜ್ಜಿಯೂ ಕುರ್ಚಿ ಎಳೆದುಕೊಂಡು ಮೇಜಿಗೆ ಬರುತ್ತಾರೆ.